ಮೊಮ್ಮಗಳ ಸೀಟಿಗೊಂದು ಸಾವು

ಮಗಳಿಗೆ ನೂರಕ್ಕೆ ತೊಂಬತ್ತೇಳು ಅಂಕ ಬಂದಿದ್ದವು. ಕೊರತೆಯಿದ್ದದ್ದು ಕಷ್ಟದ್ದೊಂದೇ. ಅವಳು ಸೇರಬೇಕಿದ್ದ ದೊಡ್ಡ ವಿಶ್ವವಿದ್ಯಾಲಯಕ್ಕೆ ಅಂಕವೊಂದೇ ಸಾಲುತ್ತಿರಲಿಲ್ಲ. ‘ನನ್ನನ್ನು ರೂಪಿಸಿದ ನೋವು’ ಎಂದು ಎರಡು ಪುಟ ಬರೆದು ದಾಖಲೆ ಲಗತ್ತಿಸಬೇಕಿತ್ತು. ಹೋದ ವರ್ಷ ಎದುರುಮನೆಯ ಹುಡುಗಿ ಬರೀ ಎಂಬತ್ತೊಂಬತ್ತು ಹಿಡಿದುಕೊಂಡು ಒಳಗೆ ಹೋಗಿದ್ದಳು. ಪರೀಕ್ಷೆಗೆ ಎರಡು ತಿಂಗಳಿದ್ದಾಗ ಅವಳ ಅಪ್ಪ ತೀರಿಕೊಂಡಿದ್ದರು. ಕೆಲವರಿಗೆ ಎಲ್ಲ ಹೇಗೆ ಕೂಡಿಬರುತ್ತದೆ ಎಂದು ಅಮ್ಮ ಹೊಟ್ಟೆ ಉರಿದುಕೊಂಡಳು.

ಮಗಳು ಅಡುಗೆಮನೆ ಕಿಟಕಿಯ ಇರುವೆಗಳ ಬಗ್ಗೆ ಬರೆದಿಟ್ಟಿದ್ದಳು.

“ಇರುವೆ ನೋಡಿ ಯಾರೇ ಸೀಟು ಕೊಡ್ತಾರೆ?”

“ನಂಗೇನೂ ನೋವಾಗಿಲ್ವಲ್ಲಮ್ಮಾ.”

“ಅದೇ ನಾನು ಮಾಡಿದ ತಪ್ಪು. ಪ್ರಬಂಧ ನಾನು ನೋಡ್ಕೋತೀನಿ. ಅರ್ಜಿಲಿ ಮಿಕ್ಕಿದ್ದು ನೀನು ತುಂಬು.”

ಜನನ ಮರಣ ನೋಂದಣಿ ಕಚೇರಿಯ ಮೂರನೇ ಕಿಟಕಿಯ ಹಿಂದೆ ಹದಿನೆಂಟು ವರ್ಷ ಕೂತವಳು ಅಮ್ಮ. ಸಾವೆಂದರೆ ಒಂದು ಸಂಖ್ಯೆ, ಒಂದು ಮೊಹರು, ಒಂದು ಸಹಿ. ಆದರೆ ಯಾರದು? ಗಂಡ ಶಾಲೆಯ ಪೋಷಕರ ಸಭೆಗೆ ತಪ್ಪದೆ ಹೋಗಿ ಮುಂದಿನ ಸಾಲಲ್ಲೇ ಕೂರುವ ಮನುಷ್ಯ, ಆಗದು. ಅತ್ತೆಯನ್ನು ಆರಿಸಲು ಮನಸ್ಸೇನೋ ಇತ್ತು, ಆದರೆ ಬರೆಯಲು ಕೂತರೆ ಕಣ್ಣೀರು ಬರಬೇಕಲ್ಲ! ಕೊನೆಗೆ ಉಳಿದವರು ಅವಳ ಅಪ್ಪ. ಎರಡು ಬೀದಿ ಆಚೆ ಒಬ್ಬರೇ ಇದ್ದ ನಿವೃತ್ತ ಹೆಡ್‌ಮಾಸ್ಟರು, ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಸತ್ತರೆ ಶೋಭೆಯಿತ್ತು.

ಫೆಬ್ರವರಿಯ ಒಂದು ಮಂಗಳವಾರ ಅವರನ್ನು ಹೃದಯಾಘಾತದಿಂದ ಸಾಯಿಸಿದಳು. ಆ ವಾರ ವೈದ್ಯರೊಬ್ಬರು ಹೆಸರು ತಪ್ಪಿ ಬರೆದು ರದ್ದಾದ ನಮೂದೊಂದಿತ್ತು. ನಾನೂರ ಹನ್ನೆರಡು ಎಂಬ ಆ ಸಂಖ್ಯೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಸಾಹೇಬರು ಸಂಜೆ ನಾಲ್ಕಕ್ಕೆ ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ಕಟ್ಟುಗಟ್ಟಲೆ ಕಾಗದಕ್ಕೆ ಸಹಿ ಹಾಕುವುದು ವಾಡಿಕೆ. ಅಪ್ಪನನ್ನು ಕಟ್ಟಿನ ನಡುವೆ ಇಟ್ಟಳು. ನಾಲ್ಕೂ ಐದಕ್ಕೆ ಅಪ್ಪ ಅಧಿಕೃತವಾಗಿ ಇರಲಿಲ್ಲ.

ಪ್ರಬಂಧ ಬರೆಯುವಾಗ ನಿಜಕ್ಕೂ ಅತ್ತಳು. ತಾತನ ಕೊನೆಯ ಮಾತನ್ನು ಮೂರು ಸಲ ತಿದ್ದಿದಳು. ಅಷ್ಟರಲ್ಲಿ ಛತ್ರಿ ವಾಪಸು ಕೊಡಲು ತಾತನೇ ಬಂದು, “ಏನಮ್ಮಾ, ಕಾಫಿಗೆ ನೀರೇ ಜಾಸ್ತಿ ಹಾಕಿದೀಯಲ್ಲ,” ಎಂದರು. ಇಷ್ಟು ಚೆನ್ನಾಗಿ ಸತ್ತವರು ಇಷ್ಟು ಗಟ್ಟಿಯಾಗಿ ಕಾಫಿ ಹೀರುವುದು ಅವಳಿಗೆ ಸರಿಬರಲಿಲ್ಲ.

ದಿನಾಂಕ, ಸಂಖ್ಯೆ, ಮೊಹರಿನ ಶಾಯಿ ಎಲ್ಲವನ್ನೂ ಎರಡೆರಡು ಸಲ ನೋಡಿ, ಮಗಳಿಗೆ ತೋರಿಸದೆ ತಾನೇ ಲಗತ್ತಿಸಿದಳು. “ಶಿಫಾರಸು ಮಾಡೋರ ಹೆಸರೂ ಹಾಕಿದೀನಮ್ಮಾ,” ಎಂದಳು ಮಗಳು. “ಯಾರದ್ದೋ ಒಂದು. ಕಳಿಸು ಮೊದಲು.” ಅರ್ಜಿ ಹೋಯಿತು. ಅಂದಿನಿಂದ ಅಮ್ಮ ಎದುರುಮನೆಯ ಕಡೆ ತಲೆಯೆತ್ತಿ ನೋಡತೊಡಗಿದಳು.

ಆರು ವಾರದ ಮೇಲೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು, ಮುಖದ ತುಂಬ ಹಿಗ್ಗು. “ಇಷ್ಟು ದಿನ ಬಾಯಿ ಕಟ್ಕೊಂಡಿದ್ದೆ ಕಣಮ್ಮ. ಶಿಫಾರಸು ಪತ್ರ ಗುಟ್ಟಾಗಿರಬೇಕು, ಬರೆದವರೇ ನೇರವಾಗಿ ಕಳಿಸಬೇಕು ಅಂತ ನಿಯಮ. ನಿನ್ನ ಮಗಳು ನನ್ನ ಹೆಸರೇ ಕೊಟ್ಟಿದ್ದಳು. ಹೋದ ತಿಂಗಳೇ ತಾರೀಕು ಹಾಕಿ, ಸಹಿ ಮಾಡಿ ಕಳಿಸಿದ್ದೆ. ಇವತ್ತು ವಿಶ್ವವಿದ್ಯಾಲಯದವರೇ ಫೋನ್ ಮಾಡಿದ್ದರು! ಹೆಸರು, ವಿಳಾಸ, ಹುಟ್ಟಿದ ತಾರೀಕು ಎಲ್ಲ ಎರಡೆರಡು ಸಲ ಕೇಳಿದರು. ಕೊನೆಗೆ ಆರೋಗ್ಯ ಹೇಗಿದೆ ಅಂತಲೂ ಕೇಳಿದರಮ್ಮ, ಎಂಥಾ ಸಂಸ್ಕಾರವಂತರು! ಹೃದಯ ಕಲ್ಲುಗುಂಡಿನ ಹಾಗಿದೆ ಅಂದೆ. ಡಾಕ್ಟರ ಚೀಟಿ ಬೇಕಾದರೂ ಕಳಿಸ್ತೀನಿ ಅಂದೆ. ಬೇಡ ಸಾರ್, ನಾಳೆ ನಿಮ್ಮ ಮಗಳ ಕಚೇರಿಗೇ ಬರ್ತೀವಿ ಅಂದರು.”