ರಾಚಪ್ಪನ ಕಾರಿನ ಬಲಗಡೆ

ನಾನು ಶಹಾಪುರದ ಹಳೇ ಮೆಕ್ಯಾನಿಕ್. ಸ್ಪ್ರಿಂಗು, ಎಣ್ಣೆ ಬಿಟ್ಟರೆ ಬೇರೇನನ್ನೂ ನಂಬಿದವನಲ್ಲ. ಗುತ್ತಿಗೆದಾರ ರಾಚಪ್ಪ ಹೊಸ ಕಾಲುವೆಯಲ್ಲಿ ಮುಳುಗಿ ಸತ್ತ ವರ್ಷ, ಅವನ ಹೆಂಡತಿ ಶಿವಬಸಮ್ಮ ಗಂಡನ ಹಳೇ ಕಾರನ್ನು ನನ್ನ ಶೆಡ್ಡಿಗೆ ತಳ್ಳಿಸಿಕೊಂಡು ಬಂದಳು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಕೂತಿದ್ದವು.

"ಹೊಸಾವು ಹಾಕ್ತೀನಿ ಬಿಡವ್ವಾ," ಅಂದೆ.

"ಬ್ಯಾಡ್ರಿ ಕಾಕಾ. ಇವನ್ನ ರಿಪೇರಿ ಮಾಡ್ರಿ. ಅವರು ಕುಂತ್ರ ಗಾಡಿ ಹೆಂಗ ಬಗ್ಗತಿತ್ತೋ ಹಂಗ ಬಗ್ಗಬೇಕು."

ಅವನ್ನೇ ಬಿಚ್ಚಿ, ಸೀಲು ಬದಲಿಸಿ, ಎಣ್ಣೆ ತುಂಬಿದೆ. ಬಾನೆಟ್ ಒತ್ತಿ ಬಿಟ್ಟರೆ ಒಂದೇ ಸಲ ಎದ್ದು ನಿಂತಿತು. ಕೆಲಸ ಪಕ್ಕಾ.

ಮಟಮಟ ಮಧ್ಯಾಹ್ನ ಶಿವಬಸಮ್ಮ ಬಂದು ಎಡಗಡೆ ಸೀಟಿನಲ್ಲಿ ಕೂತಳು. ಸ್ಟೇರಿಂಗ್ ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗಡೆ ನಾಲ್ಕು ಬೆರಳಿನಷ್ಟು ಕುಸಿಯಿತು.

"ಭಾಳ ತಡಾ ಮಾಡಿದ್ರಿ," ಅಂದಳು. ನನಗಲ್ಲ.

ಅವಳು ಇಳಿದಾಗ ಎಡಗಡೆ ಎದ್ದಿತು, ಬಲಗಡೆ ಏಳಲಿಲ್ಲ. "ದಣದಾರ, ಕುಂದರ್ಲಿ ಬಿಡ್ರಿ," ಎಂದು ಒಬ್ಬಳೇ ಮನೆಗೆ ನಡೆದಳು. ಕಾರು ಒಯ್ಯಲೇ ಇಲ್ಲ. ಆ ಕಡೆಯ ಶಾಕ್, ಸ್ಪ್ರಿಂಗು ಎರಡನ್ನೂ ಮೂರು ಸಲ ಬಿಚ್ಚಿ ನೋಡಿದ್ದೇನೆ, ಏನೂ ಕೆಟ್ಟಿಲ್ಲ.

ಹೋದ ಸೋಮವಾರ ಶಿವಬಸಮ್ಮ ತೀರಿಕೊಂಡಳು. ಮರುದಿನ ಶೆಡ್ ತೆಗೆದರೆ ಕಾರು ಸಮವಾಗಿ ನಿಂತಿತ್ತು. ಬಲಗಡೆ ಎದ್ದಿತೋ, ಎಡಗಡೆಯೂ ಕುಸಿಯಿತೋ, ಬೆರಳಿಟ್ಟು ಅಳೆಯಲು ನಾನಿನ್ನೂ ಹೋಗಿಲ್ಲ.