ಫಾರಂನಲ್ಲಿ ಇಲ್ಲದ ಆಟ

"ಸಾರ್, ಇದರಲ್ಲಿ ನಮ್ಮದೇ ಇಲ್ಲ!"

ಕಡ್ಡಿ ಫಾರಂ ತಿರುಗಿಸಿ ನೋಡಿದಳು. ಹಿಂದೆಯೂ ಏನಿರಲಿಲ್ಲ. ಮುಂದೆ ನಾಲ್ಕೇ ಸಾಲು: ಕರಾಟೆ, ಜೂಡೋ, ಬಾಕ್ಸಿಂಗ್, ಕುಸ್ತಿ. ಶನಿವಾರ ಶಾಲೆಯ ಹಾಲ್‌ನಲ್ಲಿ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ, ಒಂದೊಂದು ಶೈಲಿಗೆ ಮೂರು ಮೂರು ನಿಮಿಷ. ಕಡ್ಡಿ ಕಲಿಯುತ್ತಿದ್ದದ್ದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಮಕ್ಕಳ ಬಾಯಲ್ಲಿ ಎಂಎಂಎ. ಅದೊಂದು ಮಾತ್ರ ಎಲ್ಲೂ ಇರಲಿಲ್ಲ.

ಆಟದ ಮೇಷ್ಟ್ರು ಕುತ್ತಿಗೆಯ ಸೀಟಿಯನ್ನು ಬೆರಳಿಗೆ ಸುತ್ತಿಕೊಂಡರು. "ಅದು ಬೇರೆ ಶೈಲಿ ಅಲ್ಲ ಕಣಮ್ಮ. ಅಲ್ಲಿಂದ ಸ್ವಲ್ಪ, ಇಲ್ಲಿಂದ ಸ್ವಲ್ಪ ತಂದು ಸೇರಿಸಿದ್ದು. ನಿನ್ನ ಹೆಸರು ಕುಸ್ತಿ ಸಾಲಲ್ಲಿ ಬರೀಲಾ?"

"ನಾನು ಕುಸ್ತಿ ಆಡಲ್ಲ ಸಾರ್."

"ಹಂಗಾದ್ರೆ ಬಾಕ್ಸಿಂಗ್?"

"ಅದೂ ಅಲ್ಲ ಸಾರ್. ಎರಡೂ ಇದೆ, ಆದ್ರೆ ಎರಡೂ ಅಲ್ಲ."

"ಕಲಸುಮೇಲೋಗರ!" ಹಿಂದಿನಿಂದ ಬೆಲ್ಟು ಕೂಗಿದ. "ಒಂದೂ ನೆಟ್ಟಗೆ ಬರದೇ ಇರೋರು ಎಲ್ಲಾನೂ ಮಿಕ್ಸ್ ಮಾಡ್ತಾರೆ ಸಾರ್!"

ಬೆಲ್ಟು ಅವಳ ಕ್ಲಾಸಿನವನೇ. ಕರಾಟೆಯಲ್ಲಿ ಬ್ರೌನ್ ಬೆಲ್ಟ್ ಸಿಕ್ಕ ದಿನದಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ, ಹಾಗಾಗಿ ಹೆಸರೂ ಅದೇ ಆಗಿಹೋಯಿತು. ಕಡ್ಡಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಬೇಕಾಗಿಲ್ಲ, ಅವಳನ್ನು ಒಮ್ಮೆ ನೋಡಿದರೆ ಸಾಕು.

ಎಲ್ಲರೂ ನಕ್ಕರು. ಕಡ್ಡಿಯ ಕಿವಿ ಬಿಸಿಯಾಯಿತು. ಅವಳಿಗೆ ಕಲಿಸುತ್ತಿದ್ದದ್ದು ಸ್ವಂತ ಅತ್ತೆ, ಅಪ್ಪನ ತಂಗಿ. 'ಸ್ಟೇಜ್ ಮೇಲೆ ನಮ್ಮದೂ ಇರುತ್ತೆ, ನೀನು ಮುಂದಿನ ಸಾಲಲ್ಲೇ ಕೂರಬೇಕು' ಎಂದು ಅತ್ತೆಗೆ ಆಗಲೇ ಹೇಳಿಬಿಟ್ಟಿದ್ದಳು. ಈಗ ಕುಸ್ತಿ ಎಂದು ಬರೆಸಿಕೊಂಡು ಯಾವ ಮುಖ ಹೊತ್ತು ನಿಲ್ಲುವುದು?

"ತೋರಿಸ್ತೀನಿ ಸಾರ್," ಎಂದಳು. "ಇವನ ಜೊತೆಗೇ. ಆಮೇಲೆ ನೀವೇ ಹೇಳಿ."

ಮೇಷ್ಟ್ರು ಇಬ್ಬರನ್ನೂ ನೋಡಿದರು. "ನಾಳೆ ಆಟದ ಪೀರಿಯಡ್. ಎರಡೇ ನಿಮಿಷ. ಜೋರಾಗಿ ಹೊಡೆಯೋ ಹಾಗಿಲ್ಲ, ಮುಟ್ಟೋದಷ್ಟೇ. ಹಿಡಿದ್ರೂ ನಿಧಾನ. ನೋಡಿ ಇದು ಬೇರೆ ಅನ್ನಿಸಿದ್ರೆ ಹೊಸ ಸಾಲು ಹಾಕ್ತೀನಿ. ಇಲ್ಲಾಂದ್ರೆ ಕುಸ್ತಿ. ಸರೀನಾ?"

ಅತ್ತೆಯ ಜಿಮ್ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ರಬ್ಬರ್ ವಾಸನೆ ಮೆಟ್ಟಿಲು ಹತ್ತಿ ಮೇಲಿನವರೆಗೂ ಬರುತ್ತಿತ್ತು. ಸಂಜೆ ಅತ್ತೆ ಗ್ಲವ್ಸ್‌ಗಳನ್ನು ಫ್ಯಾನಿನ ಕೆಳಗೆ ಒಣಹಾಕುತ್ತಿದ್ದಳು. ಕಡ್ಡಿ ನಾಳೆಯ ಪಂದ್ಯದ ಸುದ್ದಿ ಎತ್ತಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಎಂದು ಗೊತ್ತಿತ್ತು.

"ಅತ್ತೆ, ನಮ್ಮದು ಒಂದು ಶೈಲಿನಾ, ಅಲ್ವಾ?"

"ಹೌದು ಅನ್ನೋರೂ ಇದ್ದಾರೆ, ಅಲ್ಲ ಅನ್ನೋರೂ ಇದ್ದಾರೆ."

"ನೀನೇನಂತೀಯ?"

"ನಾನು ಮೊದಲು ಬಾಕ್ಸಿಂಗ್ ಕಲಿತೆ, ಆಮೇಲೆ ಕುಸ್ತಿ ಕಲಿತೆ. ಎರಡೂ ಬರುತ್ತಲ್ಲ, ಇನ್ನೇನು ಅಂತ ಎಂಎಂಎಗೆ ಇಳಿದೆ. ಮೊದಲನೇ ದಿನಾನೇ ಚೆನ್ನಾಗಿ ಏಟು ತಿಂದೆ." ಅತ್ತೆ ನಕ್ಕಳು. "ಗುದ್ದುವಾಗ ಗುದ್ದೋದಷ್ಟೇ ತಲೇಲಿ, ಹಿಡಿಯುವಾಗ ಹಿಡಿಯೋದಷ್ಟೇ. ಒಂದರಿಂದ ಇನ್ನೊಂದಕ್ಕೆ ಹೋಗೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ ಕಣೇ."

ಹೌದು ಅಥವಾ ಅಲ್ಲ ಎಂಬ ಒಂದು ಮಾತು ಬೇಕಿತ್ತು. ಸಿಗಲಿಲ್ಲ. ಕಡ್ಡಿ ಆ ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮರುದಿನ ಹಾಲ್‌ನಲ್ಲಿ ಮ್ಯಾಟ್ ಹಾಸಿದ್ದರು. ಇಡೀ ಕ್ಲಾಸು ಸುತ್ತ ಕೂತಿತ್ತು. ಇಬ್ಬರ ತಲೆಗೂ ಗಾರ್ಡ್, ಕೈಗೆ ಮೆತ್ತನೆಯ ಗ್ಲವ್ಸ್. ಮೇಷ್ಟ್ರು ಸೀಟಿ ಊದಿದರು.

ಬೆಲ್ಟು ಸುಮ್ಮನೆ ಜಂಬ ಕೊಚ್ಚುತ್ತಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನ ಕಾಲು ಅವಳ ಪಕ್ಕೆ ಮುಟ್ಟಿ ವಾಪಸ್ಸು ಹೋಗಿತ್ತು. ಮತ್ತೊಮ್ಮೆ, ಎದೆಗೆ. ಮಗದೊಮ್ಮೆ, ಹೊಟ್ಟೆಗೆ.

"ಮೂರು ಸೊನ್ನೆ!" ಯಾರೋ ಕಿರುಚಿದರು.

ಕಡ್ಡಿಗೆ ಅತ್ತೆ ಹೇಳಿದ್ದು ನೆನಪಾಯಿತು: ಒಂದರಿಂದ ಇನ್ನೊಂದಕ್ಕೆ ಹೋಗೋದು. ಅವಳು ಮುಖಕ್ಕೆ ಗುದ್ದುವವಳ ಹಾಗೆ ಕೈ ಬೀಸಿದಳು. ಬೆಲ್ಟುವಿನ ಎರಡೂ ಕೈ ಮೇಲೆ ಹೋದವು. ಆಗಲೇ ಅವಳು ಕೆಳಗೆ ಬಗ್ಗಿ ಅವನ ಕಾಲು ಹಿಡಿದು ಎಳೆದಳು. ದೊಪ್ಪನೆ ಬಿದ್ದ. ಏಳುವ ಮೊದಲೇ ಅವನ ತೋಳು ಅವಳ ಕೈಯಲ್ಲಿತ್ತು. ಅದನ್ನು ತನ್ನ ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ವಾಲಿದಳು.

ಇಂಥದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಇನ್ನೇನು ತಟ್ಟುತ್ತಾನೆ ಎಂದು ಕಡ್ಡಿ ಕಾದಳು. ಜಿಮ್‌ನಲ್ಲಿ ಹಾಗೆಯೇ. ನೋವಾದರೆ ಎರಡು ಸಲ ತಟ್ಟುವುದು, ತಟ್ಟಿದ ಕೂಡಲೇ ಬಿಡುವುದು. ಅತ್ತೆಯೂ ತಟ್ಟುತ್ತಾಳೆ, ಅದರಲ್ಲಿ ನಾಚಿಕೆ ಏನಿಲ್ಲ.

ಬೆಲ್ಟು ತಟ್ಟಲಿಲ್ಲ.

ಎಂಥಾ ಹಟಮಾರಿ ಎಂದುಕೊಂಡು ಇನ್ನೊಂಚೂರು ವಾಲಿದಳು. ಅವನ ಮೊಣಕೈ ನೆಟ್ಟಗಾಯಿತು.

ಆಗಲೂ ತಟ್ಟಲಿಲ್ಲ. ಕಡ್ಡಿ ತಲೆ ಎತ್ತಿ ನೋಡಿದಳು. ಅವನ ಮುಖ ಕೆಂಪಾಗಿತ್ತು, ತುಟಿ ಕಚ್ಚಿಕೊಂಡಿದ್ದ, ಕಣ್ಣಲ್ಲಿ ನೀರು. ಆ ಕಣ್ಣು ಅವಳನ್ನು ನೋಡುತ್ತಲೇ ಇರಲಿಲ್ಲ. ಮೇಷ್ಟ್ರನ್ನು ನೋಡುತ್ತಿತ್ತು. ಮೇಷ್ಟ್ರು ಸ್ಟಾಪ್‌ವಾಚ್ ನೋಡುತ್ತಿದ್ದರು.

"ಇನ್ನು ಹದಿನೈದೇ ಸೆಕೆಂಡ್!" ಎಂದರು.

ಕಡ್ಡಿ ತೋಳು ಬಿಟ್ಟುಬಿಟ್ಟಳು.

ಬೆಲ್ಟು ಉರುಳಿ ಎದ್ದ. ಅಭ್ಯಾಸಬಲದಿಂದಲೋ ಏನೋ, ಇನ್ನೊಂದು ಕೈಯಿಂದ ಅವಳ ಭುಜ ಮುಟ್ಟಿದ. ಮೇಷ್ಟ್ರು ಸೀಟಿ ಊದಿದರು. ನಾಲ್ಕು ಸೊನ್ನೆ. ಹುಡುಗರು ಹೋ ಎಂದು ಕೂಗಿದರು.

ಬೆಲ್ಟು ಮಾತ್ರ ಕೂಗಲಿಲ್ಲ. ಮೊಣಕೈ ಹಿಡಿದುಕೊಂಡು ಕೇಳಿದ, "ಯಾಕೆ ಬಿಟ್ಟೆ?"

"ನೀನ್ಯಾಕೆ ತಟ್ಟಲಿಲ್ಲ?" ಕಡ್ಡಿಗೆ ಸಿಟ್ಟು ಬಂದಿತ್ತು.

"ಏನು ತಟ್ಟೋದು?"

"ನೋವಾದ್ರೆ ತಟ್ಟಬೇಕು! ಆಗ ನಾನು ಬಿಡ್ತೀನಿ!"

"ನನಗೇನು ಗೊತ್ತು? ನಮ್ಮ ಕರಾಟೆಯಲ್ಲಿ ಸಾರೇ 'ನಿಲ್ಲಿಸು' ಅಂತಾರೆ. ಅವರು ಹೇಳೋ ತನಕ ತಡ್ಕೋಬೇಕು."

ಕಡ್ಡಿಯ ಸಿಟ್ಟು ಅಲ್ಲೇ ಇಳಿಯಿತು. ಅವನು ಮೇಷ್ಟ್ರ ಬಾಯಿಗೆ ಕಾಯುತ್ತಿದ್ದ, ಅವಳು ಅವನ ಕೈಗೆ ಕಾಯುತ್ತಿದ್ದಳು. ಇನ್ನೂ ಸ್ವಲ್ಪ ವಾಲಿದ್ದರೆ? "ನಾನು ಮೊದಲೇ ಹೇಳಬೇಕಿತ್ತು ಸಾರ್," ಎಂದಳು.

ಮೇಷ್ಟ್ರು ಬೆಲ್ಟುವಿನ ಕೈಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ನೋಡಿದರು. "ಏನಾಗಿಲ್ಲ ಬಿಡು," ಎಂದು ಉಸಿರುಬಿಟ್ಟರು. "ನನಗೂ ಗೊತ್ತಿರಲಿಲ್ಲ ಕಣಮ್ಮ. ಗೊತ್ತಿಲ್ಲದೆ ಆಡಿಸಿದ್ದು ನನ್ನ ತಪ್ಪು."

ಆಮೇಲೆ ಫಾರಂ ತೆಗೆದು, ಸ್ಕೇಲಿನಿಂದ ಕೆಳಗೆ ಇನ್ನೊಂದು ಗೆರೆ ಎಳೆದರು.

ಸಂಜೆ ಕಡ್ಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಬೈಗುಳ ಧಾರಾಳವಾಗಿಯೇ ಸಿಕ್ಕಿತು. ಅದೆಲ್ಲ ಮುಗಿದ ಮೇಲೆ ಮೆಲ್ಲಗೆ ಅಂದಳು, "ಆದ್ರೂ ಅತ್ತೆ, ನಮ್ಮದು ಬೇರೇನೇ. ತಟ್ಟೋದು ನಮ್ಮಲ್ಲಿ ಮಾತ್ರ ಇರೋದು."

"ಅಯ್ಯೋ ಪುಟ್ಟಿ, ಅದು ಜೂಡೋದಲ್ಲೂ ಇದೆ. ಅದನ್ನೂ ನಾವು ಬೇರೆ ಕಡೆಯಿಂದಾನೇ ತಂದಿದ್ದು!"

ಕಡ್ಡಿಯ ಮುಖ ಬಾಡಿತು. ಹಾಗಾದರೆ ಬೆಲ್ಟು ಹೇಳಿದ ಹಾಗೆ ಇದು ಬರೀ ಕಲಸುಮೇಲೋಗರವೇ?

ಅತ್ತೆ ಅವಳನ್ನೇ ನೋಡುತ್ತಿದ್ದಳು. "ತಟ್ಟಿದ್ರೆ ಬಿಡು ಅಂತ ಕಲಿಸಿದ್ದೆ. ಅವನು ತಟ್ಟಲೇ ಇಲ್ವಲ್ಲ, ಮತ್ತೆ ಯಾಕೆ ಬಿಟ್ಟೆ?"

"ಅವನ ಮುಖ ನೋಡಿದೆ."

"ಅದನ್ನ ಎಲ್ಲಿ ಕಲಿತೆ?"

ಕಡ್ಡಿ ಯೋಚಿಸಿದಳು. ಬಾಕ್ಸಿಂಗ್‌ನಲ್ಲಿ ಕಲಿತದ್ದಲ್ಲ, ಕುಸ್ತಿಯಲ್ಲೂ ಅಲ್ಲ. ಅತ್ತೆ ಉತ್ತರಕ್ಕೆ ಕಾಯದೆ ಬಾಗಿಲ ಕಡೆ ಹೋದಳು. ಅಲ್ಲಿ ಅಜ್ಜನ ಕೈ ಹಿಡಿದು ಆರು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಅವಳಿಗೆ ಅದು ಮೊದಲನೇ ಕ್ಲಾಸು.

"ಮೊದಲ ಪಾಠ ನೀನೇ ಹೇಳಿಕೊಡು," ಎಂದಳು ಅತ್ತೆ.

ಕಡ್ಡಿ ಮ್ಯಾಟಿನ ಮೇಲೆ ಮಂಡಿಯೂರಿ ಆ ಪುಟ್ಟ ಕೈಯನ್ನು ತನ್ನ ಭುಜದ ಮೇಲೆ ಇಟ್ಟುಕೊಂಡಳು. "ನೋವಾದ್ರೆ ಹೀಗೆ ಎರಡು ಸಲ ತಟ್ಟು. ನಾನು ಬಿಟ್ಟುಬಿಡ್ತೀನಿ."

ಪುಟ್ಟ ಹುಡುಗಿ ತಟ್ಟಿ ನೋಡಿದಳು. ಆಮೇಲೆ ಅನುಮಾನದಿಂದ ಕೇಳಿದಳು, "ತಟ್ಟೋದು ಮರ್ತುಹೋದ್ರೆ ಅಕ್ಕಾ?"

"ಪರವಾಗಿಲ್ಲ," ಎಂದಳು ಕಡ್ಡಿ. "ನಾನು ನಿನ್ನ ಮುಖ ನೋಡ್ತಾನೇ ಇರ್ತೀನಿ."