ನೀರ್ಗಣ್ಣು

ಕಾಲುವೆ ಕಣಕಾಲು ಮುಳುಗುವಷ್ಟೇ. ಆದರೆ 'ಅಲೆಯೂರು' ಜಲೋದ್ಯಾನದೊಳಕ್ಕೆ ಹೋಗುವ ಯಾರೇ ಆಗಲಿ, ಚಪ್ಪಲಿ ಕೈಯಲ್ಲಿ ಹಿಡಿದು ಆ ಹರಿಯುವ ನೀರನ್ನು ದಾಟಲೇಬೇಕು. ದಾಟುತ್ತಿದ್ದಂತೆ ಆಚೆಯ ಕಂಬದಲ್ಲಿ ದೀಪ ಹತ್ತುತ್ತದೆ. ಹಸಿರಾದರೆ ಎಡಗಡೆಯ ಕಮಾನು, ಅಲೆ ಏಳುವ ದೊಡ್ಡ ಕೊಳ. ಕೆಂಪಾದರೆ ಬಲಗಡೆಯ ಕಿರುದಾರಿ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಸಾಲಿನಲ್ಲಿ ನಿಂತವರಿಗೆ ಕಾಣದಂತೆ ದಟ್ಟವಾಗಿ ಬಿದಿರು ಬೆಳೆಸಿದ್ದರು.

ಕಾಲುವೆಯ ತಳದಲ್ಲಿದ್ದ ಸಾಧನದ ಹೆಸರು ನೀರ್ಗಣ್ಣು. ಪ್ರತಿಯೊಂದು ಬಗೆಯ ಅಣುವೂ ತನ್ನದೇ ರೀತಿಯಲ್ಲಿ ಕಂಪಿಸುತ್ತದೆ. ಲೇಸರ್ ಬೆಳಕು ಬಿದ್ದಾಗ ಚದುರಿ ಬರುವ ಕಿರಣದಲ್ಲಿ ಆ ಕಂಪನದ ಗುರುತಿರುತ್ತದೆ. ಆ ಗುರುತನ್ನು ಓದಿ, ಬಾವಿಗೆ ಚಿಟಿಕೆ ಸಕ್ಕರೆ ಹಾಕಿದರೂ ನೀರ್ಗಣ್ಣು ಹೇಳಬಲ್ಲದು. ಇದನ್ನು ಕಂಡುಹಿಡಿದ ಯಶೋಧರಾಳಿಗೆ ಇದ್ದದ್ದು ಒಂದೇ ಹಂಬಲ: ಕೊಳಾಯಿಗೆ ವಾಂತಿಭೇದಿಯ ರೋಗಾಣು ಹೊಕ್ಕರೆ, ಕೇರಿ ಹಾಸಿಗೆ ಹಿಡಿಯುವ ಮೊದಲೇ ತಿಳಿಯಬೇಕು. ಅವಳ ಸಂಸ್ಥೆ ಅದರ ಹಕ್ಕನ್ನು ಕಂಪನಿಯೊಂದಕ್ಕೆ ಮಾರಿತ್ತು. ಜಲೋದ್ಯಾನದ ಬಾಗಿಲಲ್ಲಿ ಅದನ್ನು ಅವಳು ನೋಡುತ್ತಿದ್ದುದು ಇವತ್ತೇ ಮೊದಲು.

"ನೋಡೇ ಜಾಜಿ, ಆ ದೀಪ ಹತ್ತಿಸ್ತಿರೋದು ನಿಮ್ಮತ್ತೆ ಯಂತ್ರ," ಎಂದಳು ಅಣ್ಣನ ಮಗಳಿಗೆ.

ಜಾಜಿ ನಗಲಿಲ್ಲ. "ನಂಗೆ ಹಸಿರು ಬರುತ್ತಾ ಅತ್ತೆ?"

"ನಿಂಗೇನ್ ಕಾಯಿಲೆನಾ? ಬಂದೇ ಬರುತ್ತೆ."

ಅತ್ತಿಗೆ ರೇಣುಕ ಮುಖ ತಿರುಗಿಸಿದಳು. ಅಣ್ಣ ಓಬಳೇಶ ಸಾಲಿನಿಂದ ಮಾರು ದೂರ, ಹೆಗಲ ಟವೆಲ್ಲನ್ನು ಹಿಂಡುತ್ತ ನಿಂತಿದ್ದ.

"ಅಣ್ಣ ಯಾಕ್ ಅಷ್ಟು ದೂರ ನಿಂತಿದಾನೆ? ರಾತ್ರಿ ನೋಡಿದ್ರೆ ಹೊರಗೆ ಜಗಲಿ ಮೇಲೆ ಮಲಗಿದ್ದ. ಜಗಳ ಏನಾದ್ರೂ ಆಡಿದ್ರಾ?"

"ನಿಂಗೆ ಗೊತ್ತಿಲ್ವಾ ಯಶೋಧಮ್ಮ? ಇದೆಲ್ಲ ನಿನ್ ಯಂತ್ರದ್ದೇ ಮರ್ಯಾದೆ," ಎಂದಳು ರೇಣುಕ.

ಬೇಸಿಗೆ ರಜೆಗೆ ಅಲೆಯೂರಿಗೆ ಹೋಗುವವರೆಲ್ಲ ಮಾಡುವ ತಯಾರಿ ಒಂದು: ಜನ ಕಡಿಮೆ ಇರುವ ದಿನ ಆರಿಸುವುದು, ಬಿಸಿಲೇರುವ ಮುಂಚೆ ತಲುಪುವುದು, ಒಗ್ಗರಣೆ ಮಂಡಕ್ಕಿ ಕಟ್ಟಿಕೊಳ್ಳುವುದು. ಓಬಳೇಶನ ಕಾಲೊನಿಯವರು ಮಾಡುವುದು ಇನ್ನೊಂದು. ಒಂದು ವಾರ ಮೊದಲೇ ಅಪ್ಪನಾದವನು ಹೊರಗೆ ಮಲಗಬೇಕು. ಅವನ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕುವಂತಿಲ್ಲ. ಮಗುವಿನ ಮೈಗೆ ದಿನವೂ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಬೇಕು. ಅಪ್ಪ ಮಗುವನ್ನು ಮುಟ್ಟಬಾರದು.

ಯಾಕೆಂದರೆ ಈಗ ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವುದಿಲ್ಲ, ಯಂತ್ರ ಇಳಿಯುತ್ತದೆ. ಸರ್ಕಾರ ಅದಕ್ಕೆ ಹಬ್ಬವನ್ನೇ ಮಾಡಿತ್ತು. ಮೇಲೆ ಬಂದ ಯಂತ್ರವನ್ನು ಉಜ್ಜಿ ತೊಳೆಯುವವನು ಯಾರು ಎಂದು ಆ ಹಬ್ಬದಲ್ಲಿ ಯಾರೂ ಕೇಳಲಿಲ್ಲ. ಓಬಳೇಶನ ಅಪ್ಪ ಗುಂಡಿಗೆ ಇಳಿಯುತ್ತಿದ್ದ, ಓಬಳೇಶ ಗುಂಡಿಗಿಳಿದ ಯಂತ್ರ ತೊಳೆಯುತ್ತಿದ್ದ, ಪ್ರಗತಿಯೆಂದರೆ ಅಷ್ಟೇ. ತೊಳೆಯುವ ದ್ರಾವಣ ಚರ್ಮಕ್ಕೆ ಹತ್ತಿದರೆ ಬೇಗ ಬಿಡುವುದಿಲ್ಲ. ಮೂಗಿಗೆ ತಿಳಿಯದು, ನೀರ್ಗಣ್ಣಿಗೆ ತಿಳಿಯುತ್ತದೆ.

"ಅತ್ತಿಗೆ, ಅದು ರೋಗ ನೋಡೋ ಯಂತ್ರ. ಕೆಲಸ ನೋಡೋದಲ್ಲ."

"ನೀನು ಮಾಡ್ದಾಗ ಹಂಗಿತ್ತೇನೋ. ಈಗ ನಿನ್ ಕೂಸು ದೊಡ್ಡೋರ ಮನೆ ಸೇರೈತೆ."

ಅಷ್ಟರಲ್ಲಿ ಸಾಲು ಸರಿಯಿತು. ರೇಣುಕ ಉಸಿರು ಬಿಗಿಹಿಡಿದು ದಾಟಿದಳು. ಹಸಿರು. ಯಶೋಧರಾ ದಾಟಿದಳು. ಹಸಿರು. ಜಾಜಿ ಲಂಗ ಎತ್ತಿ ಹಿಡಿದು, ನೀರಿಗೇ ನೋವಾಗುತ್ತದೇನೋ ಎಂಬಂತೆ ಒಂದೊಂದೇ ಹೆಜ್ಜೆ ಇಟ್ಟಳು.

ಕೆಂಪು.

ಮಗು ಅಳಲಿಲ್ಲ. ತಿರುಗಿ ಅಪ್ಪನನ್ನು ನೋಡಿತು. ಓಬಳೇಶ ತಲೆ ತಗ್ಗಿಸಿ ಕಾಲುವೆಯ ಅಂಚಿಗೆ ಬಂದ.

"ನಂದೇ ತಪ್ಪು ಕಣೇ ಯಶೂ. ಬಸ್ಸಲ್ಲಿ ನಿದ್ದೆಗಣ್ಣಲ್ಲಿ ಹೆಗಲಿಗೆ ಒರಗಿದ್ಲು. ತಳ್ಳಕ್ಕೆ ಮನಸ್ಸು ಬರಲಿಲ್ಲ."

ಮ್ಯಾನೇಜರ್ ನಗುನಗುತ್ತಲೇ ಬಂದ. "ಏನೂ ಗಾಬರಿಯಿಲ್ಲ. ಬಲಗಡೆ ಇನ್ನೊಂದು ಕೊಳ ಇದೆ. ನೂಕುನುಗ್ಗಲಿಲ್ಲ, ಆರಾಮಾಗಿ ಆಡಬಹುದು."

"ಅಲ್ಲಿ ಅಲೆ ಬರುತ್ತಾ?" ಎಂದಳು ಜಾಜಿ.

"ಅಲೆ ಇಲ್ಲ ಪುಟ್ಟಿ. ನೀರಿದೆ."

"ಈ ಮಗುವಿನ ಮೈಯಲ್ಲಿ ಯಾವ ರೋಗಾಣು ಇದೆ ಹೇಳಿ," ಎಂದಳು ಯಶೋಧರಾ. "ಈ ಯಂತ್ರ ಮಾಡಿದವಳು ನಾನು."

ಅವನ ನಗು ಇನ್ನಷ್ಟು ಅಗಲವಾಯಿತು. "ಅಯ್ಯೋ ಮೇಡಂ, ಮೊದಲೇ ಹೇಳಬಾರದಿತ್ತಾ! ಇದು ರೋಗದ ವಿಷಯ ಅಲ್ಲ, ನೆಮ್ಮದಿಯ ವಿಷಯ. ಯಾರ ಪಕ್ಕ ಇದ್ದಾಗ ಬೇರೆ ಅತಿಥಿಗಳು ನೀರಿಂದ ಎದ್ದು ಹೋದರು, ಯಾರ ಮೇಲೆ ದೂರು ಕೊಟ್ಟರು, ಆ ಮಾಹಿತಿಯನ್ನೆಲ್ಲ ಯಂತ್ರಕ್ಕೆ ಉಣಿಸಿದ್ದೀವಿ. ಅದು ತಾನಾಗೇ ಕಲಿತುಕೊಂಡಿದೆ. ನಾವು ಯಾರಿಗೂ ಭೇದ ಮಾಡಲ್ಲ."

ಯಶೋಧರಾಳಿಗೆ ಈಗ ಅರ್ಥವಾಯಿತು. ಯಾರೂ ಅದಕ್ಕೆ ಜಾತಿಯೆಂಬ ಪದ ಹೇಳಿಕೊಟ್ಟಿರಲಿಲ್ಲ. ಯಾರಿಂದ ಜನ ದೂರ ಸರಿಯುತ್ತಾರೋ ಅವರ ಮೈಯ ಗುರುತನ್ನಷ್ಟೇ ಅದು ಪಾಠ ಮಾಡಿಕೊಂಡಿತ್ತು.

"ನಿಮ್ಮ ಮನೆ ಮಗು ಅಂದಮೇಲೆ ನಾನೇ ಹಸಿರು ಒತ್ತುತ್ತೀನಿ. ಒಂದು ಸಲಕ್ಕೆ ಏನಾಗುತ್ತೆ?" ಎಂದ ಮ್ಯಾನೇಜರ್.

"ಒತ್ತಿಸ್ಕೋ ಯಶೂ," ಓಬಳೇಶ ಪಿಸುಗುಟ್ಟಿದ. "ಮಗು ಆಡ್ಲಿ. ನಾನ್ ಹೊರಗೇ ಇರ್ತೀನಿ."

ಜಾಜಿಯ ಕಣ್ಣು ಕಮಾನಿನಾಚೆ ಎದ್ದು ಬೀಳುತ್ತಿದ್ದ ಅಲೆಯ ಮೇಲಿತ್ತು. ಹೂಂ ಎನ್ನುವುದು ಎಷ್ಟು ಸುಲಭ! ಯಶೋಧರಾ ಬಾಯಿ ತೆರೆದಳು. ಆದರೆ ಅಣ್ಣನ 'ಹೊರಗೇ ಇರ್ತೀನಿ' ಆ ಹೂಂ ಅನ್ನು ತಡೆಯಿತು. ಕೆಲಸದಲ್ಲಿ ಕೈ ಒರೆಸಿ ಒರೆಸಿ ದ್ರಾವಣ ಹೀರಿದ್ದ ಅವನ ಹೆಗಲ ಟವೆಲ್ಲನ್ನು ಕಿತ್ತುಕೊಂಡು, ಕಾಲುವೆಗೆ ನೀರು ಬೀಳುವ ಬಾಯಲ್ಲಿ ಅದ್ದಿ ಹಿಡಿದಳು.

ಹಿಂದೆ ಬಂದವರಿಗೆ ಕೆಂಪು. ಅವರ ಹಿಂದಿನವರಿಗೂ ಕೆಂಪು. ರೇಷ್ಮೆ ಸೀರೆಯ ಅಜ್ಜಿಗೆ, ಕಪ್ಪು ಕನ್ನಡಕದ ದೊಡ್ಡಮನುಷ್ಯನಿಗೆ, ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ತಾಯಿಗೆ, ಕೆಂಪು, ಕೆಂಪು.

"ಏನ್ರೀ ಇದು? ನಾವು ಅಂಥೋರಲ್ಲ!" ಕಪ್ಪು ಕನ್ನಡಕದವನು ಕೂಗಿದ.

"ಅಂಥೋರು ಅಂದ್ರೆ ಎಂಥೋರು ಸಾರ್?" ಎಂದಳು ರೇಣುಕ, ಸೊಂಟದ ಮೇಲೆ ಕೈಯಿಟ್ಟು. "ಬಿಡಿಸಿ ಹೇಳಿ, ನಾವೂ ಕೇಳ್ಕತೀವಿ."

ಅವನು ಅತ್ತ ತಿರುಗಿಕೊಂಡ. ಸಾಲು ಗೊಂದಲಕ್ಕೆ ಬಿತ್ತು, ಒಬ್ಬರ ಮೈ ಒಬ್ಬರಿಗೆ ತಾಕದಂತೆ ಜನ ಸರಿದು ನಿಂತರು. ಮ್ಯಾನೇಜರ್ ಓಡಿಹೋಗಿ ಸ್ವಿಚ್ ಆರಿಸಿದ. ದೀಪ ಸತ್ತಿತು. ಗೆದ್ದೆ ಎಂದುಕೊಂಡಳು ಯಶೋಧರಾ.

"ಯಂತ್ರ ಕೆಟ್ಟಿದೆ. ಯಾರನ್ನೂ ನಿಲ್ಲಿಸಲ್ಲ, ಒಬ್ಬೊಬ್ಬರೇ ಬನ್ನಿ," ಎಂದು ಮ್ಯಾನೇಜರ್ ತಾನೇ ಬಾಗಿಲಲ್ಲಿ ನಿಂತ. ಬೆವರು ಒರೆಸಿಕೊಂಡು, ಮೊದಲಿಗಳಾದ ಜಾಜಿಯ ಗಲ್ಲ ಸವರುವಂತೆ ಬಗ್ಗಿದ, ಸವರಲಿಲ್ಲ.

"ಯಾವೂರು ಪುಟ್ಟಿ? ನಿಮ್ಮ ಮನೆದೇವರು ಯಾವುದು?"

ಜಾಜಿಗೆ ಉತ್ತರ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ಓಬಳೇಶ ಮುಂದೆ ಬಂದು ಮಗಳ ಕೈ ಹಿಡಿದ.

"ದೇವ್ರನ್ನ ಯಾಕ್ ಕೇಳ್ತೀಯ ಸ್ವಾಮಿ? ನಿಂಗೆ ಬೇಕಾಗಿರೋದು ಬೇರೆ. ಬಾಯ್ಬಿಟ್ಟು ಅದನ್ನೇ ಕೇಳು. ಹೇಳ್ತೀನಿ."

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ. ಹಾಗೆ ಕೇಳಿದರೆ ಕೇಸಾಗುತ್ತದೆ. ಓಬಳೇಶ ಮಗಳನ್ನು ನಡೆಸಿಕೊಂಡು ಎಡಗಡೆಯ ಕಮಾನು ದಾಟಿದ. ಯಾರೂ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಲೆಯ ಸದ್ದಿನ ನಡುವೆ ಜಾಜಿಯ ಕೇಕೆ ಕೇಳಿಸಿತು.

ಯಶೋಧರಾ ಮಾತ್ರ ಆರಿದ ಕಂಬದ ಹತ್ತಿರ ನಿಂತೇ ಇದ್ದಳು. ಕಣ್ಣಿಗೆ ಕಾಣದ್ದನ್ನು ಕಾಣಿಸುವ ಯಂತ್ರ ಮಾಡಿದೆ ಎಂದು ಇಷ್ಟು ವರ್ಷ ಬೀಗಿದ್ದಳು. ಆ ಯಂತ್ರ ಆರಿದ ಮೇಲೆ ಮ್ಯಾನೇಜರ್ ಮತ್ತೆ ನಗು ತಂದುಕೊಂಡು ಮುಂದಿನ ಕುಟುಂಬದತ್ತ ತಿರುಗಿದ.

"ಯಾವ ಕಡೆಯವರು ಸಾರ್? ಮನೆದೇವರು ಯಾವುದು?"

ಕಪ್ಪು ಕನ್ನಡಕದವನು ಸಂತೋಷದಿಂದಲೇ ಹೇಳಿದ, ಬಾಡಿಗೆ ಮನೆ ಕೇಳಲು ಹೋದಾಗ ಹೇಳುವ ಹಾಗೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳಿದಾಗ ಹೇಳುವ ಹಾಗೆ. ಅವನ ಹಿಂದಿನವರೂ ಹೇಳಿದರು. ಸಾಲು, ಯಂತ್ರವಿದ್ದಾಗಿನದಕ್ಕಿಂತ ಬೇಗ ಬೇಗ ಸಾಗತೊಡಗಿತು.